ನಿನ್ನ ರೈಟರು ಮತ್ತು ಅವನ ಗೆಳೆಯ

ಮೂಡಿಗೆರೆ

ಪ್ರಿಯ ಗೆಳೆಯಾ,

ನಿನ್ನ ಕಾದಂಬರಿಯ ಹಸ್ತಪ್ರತಿ ತಲುಪಿತು, ಓದಿಯೂ ಆಯಿತು. ಕಾಫಿ ತೋಟದ ವಿವರಗಳಲ್ಲಿ ನನ್ನ ತಕರಾರಿಲ್ಲ. ಸಂಜೆ ತೂಕದ ಹೊತ್ತಿಗೆ ಹಣ್ಣಿನ ಚೀಲಗಳ ಸುತ್ತ ಏಳುವ ಗಲಾಟೆ, ಕಣದಲ್ಲಿ ಒಣಗುವ ಚೆರ್ರಿಯ ಹುಳಿವಾಸನೆ, ಎಲ್ಲ ಸರಿಯಾಗಿ ಕೂತಿದೆ. ತಕರಾರಿರುವುದು ಆ ಇಬ್ಬರು ಗೆಳೆಯರ ಬಗ್ಗೆ. ರೈಟರು, ಅಂದರೆ ತೋಟದ ಗುಮಾಸ್ತ, ಲೆಕ್ಕದ ಮನುಷ್ಯ, ಬೆಳಗೆದ್ದು ಮಳೆಮಾಪಕ ನೋಡಿ ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರನೇ ಒಂದು ಪಾಲು) ಅಂತ ಪುಸ್ತಕಕ್ಕೆ ಏರಿಸುವವನು. ಇನ್ನೊಬ್ಬ ಕಾಡು ಸುತ್ತುವವ, ಇರುವೆ ಮೊಟ್ಟೆ ಹೊತ್ತು ಸಾಲು ಹಿಡಿದದ್ದು ಕಂಡು ನಾಳೆ ಮಳೆ ಅನ್ನುವವನು. ಜೋಡಿಯೇನೋ ಚೆನ್ನಾಗಿದೆ. ಆದರೆ ಮೊದಲ ಪುಟದಲ್ಲಿ ಹೇಗಿದ್ದರೋ ಕೊನೆಯ ಪುಟದಲ್ಲೂ ಹಾಗೇ ಇದ್ದಾರಲ್ಲ ಮಾರಾಯ! ಅಷ್ಟು ವರ್ಷ ಒಟ್ಟಿಗೆ ಉಂಡು ತಿರುಗಿದವರಿಗೆ ಒಬ್ಬರ ಗಾಳಿ ಇನ್ನೊಬ್ಬರಿಗೆ ಸೋಕಲೇ ಇಲ್ಲವೆ?

ಸ್ಪೇನಿನ ಸರ್ವಾಂಟಿಸನ ಕಾದಂಬರಿ ಡಾನ್ ಕ್ವಿಕ್ಸೋಟ್ ನೆನಪು ಮಾಡಿಕೋ. 1605ರಲ್ಲಿ ಬಂದ ಮೊದಲ ಭಾಗದ ಗಾಳಿಗಿರಣಿಯ ಪ್ರಸಂಗ ಓದದವರಿಗೂ ಗೊತ್ತು. ತಾನೊಬ್ಬ ವೀರಯೋಧ ಅಂತ ಭ್ರಮಿಸಿದ ಯಜಮಾನ ಕ್ವಿಕ್ಸೋಟನಿಗೆ ರಾಕ್ಷಸರು ಕಾಣುತ್ತಾರೆ, ಅವನ ಆಳು ಸ್ಯಾಂಚೋನಿಗೆ ಗಿರಣಿ ಕಾಣುತ್ತದೆ. ನನಗೆ ಇದಕ್ಕಿಂತ ರುಚಿಸುವುದು 1615ರ ಎರಡನೇ ಭಾಗದ ಒಂದು ಪ್ರಸಂಗ. ಯಜಮಾನ ಮನಸ್ಸಿನಲ್ಲೇ ಕಟ್ಟಿಕೊಂಡ ಪ್ರೇಯಸಿ ಡುಲ್ಸಿನಿಯಾಳನ್ನು ಕಂಡು ಬಂದೆ ಅಂತ ಹಿಂದೆ ಹೇಳಿದ ಸುಳ್ಳು ಎಲ್ಲಿ ಬಯಲಾಗುತ್ತದೋ ಎಂದು ಹೆದರಿದ ಸ್ಯಾಂಚೋ, ಕತ್ತೆ ಏರಿ ಬರುತ್ತಿದ್ದ ಮೂವರು ಹಳ್ಳಿ ಹುಡುಗಿಯರನ್ನು ತೋರಿಸಿ, ಅಗೋ ನಿಮ್ಮ ರಾಜಕುಮಾರಿ ಡುಲ್ಸಿನಿಯಾ, ಜೊತೆಗೆ ಸಖಿಯರು ಅಂತ ಮಂಡಿಯೂರುತ್ತಾನೆ. ಯಜಮಾನ ಕಣ್ಣು ಕಿಸಿದು ನೋಡುತ್ತಾನೆ. ಮೂರು ಹುಡುಗಿಯರು, ಮೂರು ಕತ್ತೆ, ಅಷ್ಟೇ. ಹತ್ತಿರ ಹೋದಾಗ ಮೂಗಿಗೆ ಬಡಿದದ್ದು ಹಸಿ ಬೆಳ್ಳುಳ್ಳಿಯ ನಾತ. ಇಲ್ಲದ್ದನ್ನು ಕಾಣುವ ವಿದ್ಯೆ ಆಳಿಗೆ ಬಂದಿದೆ, ಇದ್ದದ್ದು ಇದ್ದಂತೆ ಕಾಣುವ ಕಣ್ಣು ಯಜಮಾನನಿಗೆ ಬಂದಿದೆ. ಆದರೂ ಪಾಪ, ಆತ ತನ್ನ ಕಣ್ಣನ್ನು ನಂಬುವುದಿಲ್ಲ. ಯಾರೋ ಮಾಂತ್ರಿಕ ಅವಳನ್ನು ಹೀಗೆ ಮಾಡಿಟ್ಟಿದ್ದಾನೆ ಅಂತ ಕೊರಗುತ್ತಾನೆ.

ಗೆಳೆಯನಿಂದ ಬರುವುದೆಲ್ಲ ಸದ್ಗುಣವೇ ಆಗಿರಬೇಕಿಲ್ಲ ನೋಡು, ಸ್ಯಾಂಚೋ ಇಲ್ಲಿ ಕಲಿತಿರುವುದು ಸೊಗಸಾಗಿ ಸುಳ್ಳು ಹೇಳುವುದನ್ನು. ಮಾತು ತಪ್ಪಿದಾಗೆಲ್ಲ ಯಜಮಾನನಿಂದ ತಿದ್ದಿಸಿಕೊಳ್ಳುತ್ತಿದ್ದವನು ಮನೆಗೆ ಹೋಗಿ ಹೆಂಡತಿಯ ಮಾತು ತಿದ್ದುತ್ತಾನೆ! ಕೊನೆಗೆ ಯಜಮಾನನ ಭ್ರಮೆ ಇಳಿದು ಹಾಸಿಗೆಯಲ್ಲಿ ಸಾಯಲು ಮಲಗಿದಾಗ, ಏಳಿ, ಕುರುಬರ ವೇಷ ಹಾಕಿ ಬಯಲಿಗೆ ಹೋಗೋಣ, ಯಾವುದಾದರೂ ಪೊದೆಯ ಹಿಂದೆ ಡುಲ್ಸಿನಿಯಾ ಸಿಕ್ಕಾಳು ಅಂತ ಅಳುವವನೂ ಅವನೇ. ಒಬ್ಬ ಈಚೆ ದಡಕ್ಕೆ ಬರುವಷ್ಟರಲ್ಲಿ ಇನ್ನೊಬ್ಬ ಆಚೆ ದಡ ಸೇರಿರುತ್ತಾನೆ.

ಅಷ್ಟು ದೂರ ಯಾಕೆ, ನಮ್ಮೂರಿನದೇ ಇದೆಯಲ್ಲ. ತೇಜಸ್ವಿಯ 1980ರ ಕಾದಂಬರಿ ‘ಕರ್ವಾಲೋ’ದಲ್ಲಿ ಊರಿನವರು ಪೆದ್ದ ಅಂತ ಬಿಟ್ಟ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೋಗೆ ಒಬ್ಬ ಹುಟ್ಟು ನಿಸರ್ಗವಿಜ್ಞಾನಿ ಕಾಣುತ್ತಾನೆ. ಮಂದಣ್ಣನಿಲ್ಲದೆ ಆ ಹಾರುವ ಓತಿಯ ಹಿಂದೆ ಯಾರು ಹೋಗುತ್ತಿದ್ದರು? ಆದರೆ ನನ್ನ ಲೆಕ್ಕದಲ್ಲಿ ಅಲ್ಲಿ ಹೆಚ್ಚು ಬದಲಾದವನು, ಇವರಿಬ್ಬರಿಗೂ ಅದೇನು ನಂಟು ಅಂತ ಬೆರಗಾಗಿ ನೋಡುತ್ತಿದ್ದ ನಿರೂಪಕ. ತೇಜಸ್ವಿ ಇದನ್ನು ಎಲ್ಲೂ ಒತ್ತಿ ಹೇಳುವುದಿಲ್ಲ. (ನಿನಗೆ ಒತ್ತಿ ಹೇಳುವ ಚಟ ಇದೆ, ಬೇಜಾರು ಮಾಡ್ಕೋಬೇಡ.)

ನಿನ್ನಲ್ಲಿ ಹಾಗೆ ನೋಡುವ ಮೂರನೆಯವರು ಇಲ್ಲ, ಆದ್ದರಿಂದ ಬದಲಾವಣೆ ಈ ಇಬ್ಬರ ಕೈಕಾಲಿನಲ್ಲೇ ಕಾಣಬೇಕು. ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಎಲ್ಲರೂ ಕಾಯುವ ಅಧ್ಯಾಯ ಇದೆಯಲ್ಲ, ಅಲ್ಲಿ ಸುಮ್ಮನೆ ಇಷ್ಟು ಮಾಡು. ರೈಟರು ಪುಸ್ತಕ ತೆರೆಯುವ ಮುಂಚೆ ಒಮ್ಮೆ ಬಗ್ಗಿ ಗೋಡೆ ಬುಡದ ಇರುವೆಗಳನ್ನು ನೋಡಲಿ. ಕಾಡಿನವ ತನ್ನ ಕೂಲಿ ಲೈನ್ ಮನೆಯ ಹಿಂದೆ, ಯಾರಿಗೂ ಕಾಣದ ಹಾಗೆ, ಒಂದು ಹಾಲಿನ ಪುಡಿ ಡಬ್ಬ ಇಟ್ಟು ಅದರೊಳಗೆ ಬಿದ್ದ ನೀರಿಗೆ ಕಡ್ಡಿ ಅದ್ದಿ ನೋಡಲಿ. ಇಬ್ಬರೂ ಪರಸ್ಪರ ಹೇಳಿಕೊಳ್ಳುವುದು ಬೇಡ. ನೀನೂ ಹೇಳಬೇಡ.

ಕೊನೆಯ ಜಗಳದ ಮಾತುಗಳು ಖಡಕ್ಕಾಗಿವೆ, ಒಂದೂ ತೆಗೆಯಬೇಡ. ಆದರೆ ಒಂದು ಸಲ ರೈಟರ ಮಾತನ್ನೆಲ್ಲ ಆ ಕಾಡಿನವನ ಬಾಯಿಗೆ, ಅವನದನ್ನು ರೈಟರ ಬಾಯಿಗೆ ಹಾಕಿ ಓದಿ ನೋಡು. ಎಲ್ಲೆಲ್ಲಿ ಹೊಂದುತ್ತದೋ ಅಲ್ಲೆಲ್ಲ ಹಾಗೇ ಬಿಟ್ಟು ನನಗೆ ಮತ್ತೆ ಕಳಿಸು.

ನಿನ್ನ,
ಮೂಡಿಗೆರೆ ಗೆಳೆಯ