ಬೆಳಿಗ್ಗೆ ಆರಕ್ಕೆ ಗೇಟು ತೆಗೆಸಿ ಸ್ವಾಮಿ

ಮಾನ್ಯ ಅರಣ್ಯ ಸಚಿವರಿಗೆ ನಮಸ್ಕಾರಗಳು.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಮನೆಯ ಮಕ್ಕಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟ ಹತ್ತುವುದು ನನ್ನ ಹನ್ನೊಂದು ವರ್ಷದ ರೂಢಿ. ಗೇಟಿನ ಹೊರಗೆ ಕಾಯುವುದೂ ಅಷ್ಟೇ ವರ್ಷದ್ದು. ಸಲಹಾ ಪೆಟ್ಟಿಗೆಗೆ ಚೀಟಿ ಹಾಕಿ ನೋಡಿದೆ. ಮರುವರ್ಷ ಹೋದಾಗ ಪೆಟ್ಟಿಗೆಯಲ್ಲಿ ಕಣಜ ಗೂಡು ಕಟ್ಟಿತ್ತು. ಇಮೇಲ್ ಕಳಿಸಿದೆ, ಅದಕ್ಕೆ ಕಣಜದಷ್ಟೂ ಉತ್ತರ ಬರಲಿಲ್ಲ. ಹಾಗಾಗಿ ಈಗ ತಮಗೇ ಬರೆಯುತ್ತಿದ್ದೇನೆ. ಕೇಳುವುದು ಒಂದೇ: ಚಾರಣದ ಗೇಟನ್ನು ಫಲಕದ ಮೇಲೆ ಬರೆದಿರುವಂತೆ ಬೆಳಿಗ್ಗೆ ಆರಕ್ಕೆ ತೆಗೆಸಿ. ಎಲ್ಲರಿಗೂ ತೆಗೆಸಿ.

ಯಾವ ಗೇಟು ಎಂದು ಹೇಳುವುದಿಲ್ಲ. ಹೇಳಿದರೆ ಅಲ್ಲಿ ದಿನಗೂಲಿಗೆ ನಿಂತಿರುವ ಹುಡುಗನ ಕೆಲಸ ಹೋಗುತ್ತದೆ, ಬೇರೇನೂ ಆಗುವುದಿಲ್ಲ.

ಕಳೆದ ನವೆಂಬರಿನ ಮಾತು. ಬೆಂಗಳೂರಿನಿಂದ ರಾತ್ರಿ ಬಸ್ಸು, ಸಿಕ್ಕಿದ್ದು ಕೊನೆಯ ಸೀಟು, ಘಾಟಿಯ ಒಂದೊಂದು ತಿರುವಿಗೂ ತಲೆ ಮೇಲಿನ ಕಂಬಿಗೆ ಬಡಿಯುತ್ತಿತ್ತು. ನನಗೆ ನಲವತ್ತೇಳು, ಎಡಮಂಡಿಗೆ ಬೆಲ್ಟು ಕಟ್ಟಿಯೇ ನಡೆಯಬೇಕು. ಆದರೂ 5:40ಕ್ಕೆ ಐದೂ ಜನ ಗೇಟಿನ ಮುಂದೆ ಹಾಜರಿದ್ದೆವು. ಆನ್‌ಲೈನ್ ಟಿಕೆಟ್ಟು, ಎಲ್ಲರ ಆಧಾರ್ ನಕಲು, ಗೈಡಿನ ದುಡ್ಡು, ಎಲ್ಲ ಸಿದ್ಧ. ಗೇಟಿನ ಹುಡುಗ ಮಫ್ಲರ್ ಸುತ್ತಿಕೊಂಡು ಬಂದು, “ರಿಜಿಸ್ಟರ್ ಬೀರುವಲ್ಲಿದೆ ಸಾರ್, ಬೀಗದ ಕೈ ಸಾಹೇಬ್ರ ಹತ್ರ ಇದೆ, ಸಾಹೇಬ್ರು ಬರ್ಬೇಕು” ಎಂದ. ಸಾಹೇಬರು ಬಂದದ್ದು ಒಂಬತ್ತೂಕಾಲಿಗೆ.

ಮೂರೂವರೆ ಗಂಟೆ ಮಕ್ಕಳನ್ನು ಹಿಡಿದಿಡುವುದು ಹೇಗೆ? ಷೂ ಮೇಲೆ ಹತ್ತುತ್ತಿದ್ದ ಇಂಬಳ ಕಿತ್ತು ಹಾಕುತ್ತ ಕುದುರೆಮುಖದ ಕಥೆ ಶುರು ಮಾಡಿದೆ. ನಾನು ಬೆಳೆದದ್ದು ಅಲ್ಲಿನ ಟೌನ್‌ಶಿಪ್ಪಿನಲ್ಲಿ, ಅಪ್ಪ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದರು. 1913ರ ಸುಮಾರಿಗೆ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು ಆ ಕಾಡಿನಲ್ಲಿ ಕಬ್ಬಿಣದ ಅದಿರು ಗುರುತಿಸಿದ್ದು, 1976ರಲ್ಲಿ ಕಂಪನಿ ಹುಟ್ಟಿದ್ದು, ದುಡ್ಡು ಕೊಡುತ್ತೇನೆಂದಿದ್ದ ಇರಾನಿನ ಷಾ ಕ್ರಾಂತಿಯಲ್ಲಿ ಗದ್ದುಗೆಯನ್ನೇ ಕಳೆದುಕೊಂಡದ್ದು, ಅದಿರಿನ ರಾಡಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿದದ್ದು, ಎಲ್ಲ ಹೇಳಿದೆ. ಸಿಂಗಳೀಕಗಳಿದ್ದ ಆ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟು ಹೇಳಿದಂತೆ 2005ರ ಕೊನೆಗೆ ಗಣಿ ನಿಂತಿತು. ಅಪ್ಪ ಕ್ವಾರ್ಟರ್ಸ್ ಬಿಟ್ಟು ಗಂಟುಮೂಟೆ ಕಟ್ಟಿದರು. ಬೇಜಾರಿತ್ತು, ಆದರೆ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ ಅದು, ಉಳಿಯಲಿ ಬಿಡು ಎನ್ನುತ್ತಿದ್ದರು.

ಕಥೆ ಇಲ್ಲಿಗೆ ಬಂದಿತ್ತು. ಆಗ ಬಂತು ಬಿಳಿ ಜೀಪು.

ಮೇಲೆ ಸೌದೆ ಕಟ್ಟು, ಮದುವೆ ಮನೆಯಲ್ಲಿ ಇಡುವಂಥ ಪಾತ್ರೆ. ಹಿಂದೆ ಬಿದಿರು ಬುಟ್ಟಿಯೊಳಗೆ ನಾಲ್ಕು ನಾಟಿ ಕೋಳಿ. ಹುಡುಗ ಓಡಿಹೋಗಿ ಗೇಟು ಎತ್ತಿದ. ರಿಜಿಸ್ಟರ್ ಬೇಕಾಗಲಿಲ್ಲ, ಬೀರುವೂ ಬೇಕಾಗಲಿಲ್ಲ. ಹನ್ನೆರಡು ವರ್ಷದ ನನ್ನ ತಂಗಿಯ ಮಗಳು, “ಮಾವ, ಕೋಳಿಗಳ ಆಧಾರ್ ಕೇಳ್ಲೇ ಇಲ್ಲ” ಎಂದಳು. ಹುಡುಗ ತಲೆ ತಗ್ಗಿಸಿ, “ಮೇಲಿಂದ ಫೋನ್ ಬಂದಿದೆ ಸಾರ್, ರಾತ್ರಿ ಅಲ್ಲೇ ಇರ್ತಾರೆ” ಎಂದ. ಮೇಲೆ ಅಂದರೆ ನನಗೆ ಗೊತ್ತಿರುವುದು ಶಿಖರ ಮಾತ್ರ. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.

ರಾತ್ರಿ ಟೆಂಟು ಹಾಕಬಾರದು, ಬೆಂಕಿ ಹಚ್ಚಬಾರದು, ಸಂಜೆಯೊಳಗೆ ಇಳಿಯಬೇಕು ಎಂಬ ನಿಯಮಗಳನ್ನು ತಮಗೆ ನಾನು ವಿವರಿಸಬೇಕೆ? ನನಗೆ ಅವುಗಳ ಮೇಲೆ ತಕರಾರೂ ಇಲ್ಲ. ಮಂಜಿನಲ್ಲಿ ಹತ್ತು ಮಾರು ದೂರದಲ್ಲಿ ಕಾಟಿ (ಕಾಡುಕೋಣ) ಬುಸುಗುಟ್ಟಿದ್ದನ್ನು ಕೇಳಿದವನು ನಾನು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿದಾಗ ಸರಿಯಾಯಿತು ಅಂದವನೂ ನಾನೇ. ಕಾಡು ಉಳಿಯಲೆಂದು ಒಂದು ಊರನ್ನೇ ಖಾಲಿ ಮಾಡಿಸಿದ ಕಾನೂನಿಗೆ ಒಂದು ಜೀಪು ನಿಲ್ಲಿಸಲು ಆಗುವುದಿಲ್ಲವೇ ಎಂಬುದಷ್ಟೇ ನನ್ನ ಪ್ರಶ್ನೆ.

ಸಾಹೇಬರು ಬಂದವರೇ ನಮ್ಮ ಚೀಲ ಬಿಚ್ಚಿಸಿದರು. ಬಿಸ್ಕತ್ತು ಪ್ಯಾಕೆಟ್ ಏಳು, ಬಾಟಲಿ ಐದು ಎಂದು ಬರೆದುಕೊಂಡು, ಪ್ಲಾಸ್ಟಿಕ್ಕು ಕಾಡಿನಲ್ಲಿ ಉಳಿಯದಿರಲೆಂದು ಡೆಪಾಸಿಟ್ ಕಟ್ಟಿಸಿಕೊಂಡರು. ಸರಿಯಾದ ಕೆಲಸವೇ. ತಡವಾಗಿ ಹೊರಟದ್ದರಿಂದ, ಇನ್ನು ಮುಕ್ಕಾಲು ಗಂಟೆ ನಡೆದರೆ ಶಿಖರ ಎನ್ನುವ ಕಡೆ ಗೈಡು ವಾಪಸ್ ತಿರುಗಿಸಿದ. ತಪ್ಪು ಅವನದಲ್ಲ, ಸಂಜೆಯೊಳಗೆ ಇಳಿಯಬೇಕಲ್ಲ. ಇಳಿಯುವಾಗ ಹಳ್ಳದ ಪಕ್ಕ ಮೂರು ಕಲ್ಲಿನ ಒಲೆ ಇನ್ನೂ ಹೊಗೆಯಾಡುತ್ತಿತ್ತು. ಸುತ್ತ ಪುಕ್ಕ. ಎರಡು ಹೆಜ್ಜೆ ಆಚೆ ಸೊಂಟದೆತ್ತರದ ಒಣಹುಲ್ಲು. ಮಕ್ಕಳು ಬಾಟಲಿಯ ನೀರು ಸುರಿದು ಆರಿಸಿದರು.

ಗೇಟಿನಲ್ಲಿ ಎಣಿಸಿದಾಗ ನಮ್ಮ ಬಿಸ್ಕತ್ತು ಪ್ಯಾಕೆಟ್ ಆರೇ ಇತ್ತು. ಡೆಪಾಸಿಟ್ಟಿನಲ್ಲಿ ನೂರು ರೂಪಾಯಿ ಮುರಿದುಕೊಂಡರು. (ಏಳನೆಯದು ಆಮೇಲೆ ಬಸ್ಸಿನಲ್ಲಿ ನನ್ನ ಜಾಕೆಟ್ಟಿನ ಜೇಬಿನಲ್ಲೇ ಸಿಕ್ಕಿತು. ದಂಡ ನ್ಯಾಯವಾದದ್ದು, ವಾಪಸ್ ಕೇಳುವುದಿಲ್ಲ.) ಒಲೆಯ ವಿಷಯ ಹೇಳಿದೆ. “ನೋಡೋಣ” ಅಂದರು.

ರಸ್ತೆ ಕೇಳುತ್ತಿಲ್ಲ, ರೋಪ್‌ವೇ ಕೇಳುತ್ತಿಲ್ಲ. ಬೀರುವಿನ ಬೀಗದ ಕೈ ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿರಲಿ. ಅದಕ್ಕೆ ಟೆಂಡರ್ ಬೇಡ, ಸಂಪುಟದ ಒಪ್ಪಿಗೆ ಬೇಡ. ಎರಡನೆಯ ಬೀಗದ ಕೈ ಮಾಡಿಸಲು ದುಡ್ಡಿಲ್ಲವಾದರೆ ಆ ಮುರಿದುಕೊಂಡ ನೂರು ರೂಪಾಯಿ ಇದೆಯಲ್ಲ, ಅದರಲ್ಲೇ ಆಗುತ್ತದೆ. ಜೀಪಿಗೆ ಎತ್ತುವ ಗೇಟನ್ನು ಟಿಕೆಟ್ ಇದ್ದವರಿಗೂ ಎತ್ತಿಸಿ, ಟಿಕೆಟ್ ಇಲ್ಲದ ಜೀಪಿಗೆ ಇಳಿಸಿ.

ಈ ನವೆಂಬರಿಗೂ ಬರುತ್ತೇವೆ. 5:40ಕ್ಕೆ ಗೇಟಿನ ಮುಂದೆ ಇರುತ್ತೇವೆ. ಆರಕ್ಕೆ ತೆಗೆಸಿ.

ಇತಿ,
ಟಿಕೆಟ್ ಇದ್ದೂ ಹೊರಗೆ ನಿಂತವನು,
ಬೆಂಗಳೂರು