ತಪ್ಪಿನ ಬೇರು ನಮ್ಮ ‘ಅಂತ’ದಲ್ಲಿದೆ

ಮಾನ್ಯ ಸಂಪಾದಕರೇ,

ಇಂಗ್ಲಿಷಿನ ಡೈರೆಕ್ಟ್, ಇನ್‌ಡೈರೆಕ್ಟ್ ಸ್ಪೀಚ್ (ಒಬ್ಬರ ಮಾತನ್ನು ಹಾಗೇ ಉದ್ಧರಿಸುವುದು, ನಮ್ಮ ಮಾತಾಗಿ ತಿಳಿಸುವುದು) ಪಾಠವನ್ನು, ಯಾವ ಪದ ಏನಾಗಿ ಬದಲಾಗುತ್ತದೆ ಎಂಬ ಕೋಷ್ಟಕ ಬಾಯಿಪಾಠ ಮಾಡಿಸಿ ಮುಗಿಸುವುದು ಸರಿಯಲ್ಲ. ‘ನಾಳೆ ಬರ್ತೀನಿ ಅಂತ ರವಿ ಹೇಳಿದ’ ಎನ್ನುವಾಗ ಕನ್ನಡದಲ್ಲಿ ರವಿಯ ಮಾತು ಹಾಗೇ ಉಳಿಯುತ್ತದೆ, ‘ಅಂತ’ ಸೇರಿದರೆ ಸಾಕು. ಅದೇ ರೂಢಿಯಲ್ಲಿ ಮಗು ‘ರವಿ ಸೆಡ್ ದಟ್ ಐ ವಿಲ್ ಕಮ್ ಟುಮಾರೋ’ ಎಂದು ಬರೆದರೆ ಬರುವವನು ರವಿಯಲ್ಲ, ಬರೆದ ಮಗುವೇ ಎಂದಾಗುತ್ತದೆ! ‘ರವಿ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ’ ಎನ್ನಬೇಕು. ಹಾಗಾಗಿ ಮೊದಲು ‘ಐ ಅಂದರೆ ಇಲ್ಲಿ ಯಾರು?’ ಎಂದು ಮಕ್ಕಳನ್ನು ಕೇಳಿ. ಕ್ರಿಯಾಪದದ ಕಾಲ ಆಮೇಲೆ, ಟುಮಾರೋ, ಹಿಯರ್‌ನಂಥ ಪದಗಳು ಕೊನೆಗೆ.

ಹೆಚ್ಚು ಎಡವುವುದು ಪ್ರಶ್ನೆಗಳಲ್ಲಿ. ‘ವೇರ್ ಆರ್ ಯು ಗೋಯಿಂಗ್?’ ಎಂಬುದು ‘ಶಿ ಆಸ್ಕ್ಡ್ ಮಿ ದಟ್ ವೇರ್ ವಾಸ್ ಐ ಗೋಯಿಂಗ್’ ಆಗಿಬಿಡುತ್ತದೆ. ಇಲ್ಲಿ ‘ದಟ್’ ಬರಲೇಬಾರದು. ಪ್ರಶ್ನೆಯ ಪದಕ್ರಮವನ್ನೂ ಬಿಟ್ಟು ‘ವೇರ್ ಐ ವಾಸ್ ಗೋಯಿಂಗ್’ ಎಂದು ಬರೆಯಬೇಕು, ಪ್ರಶ್ನಾರ್ಥಕ ಚಿಹ್ನೆಯ ಜಾಗದಲ್ಲಿ ಪೂರ್ಣವಿರಾಮ. ಹೌದು ಅಥವಾ ಇಲ್ಲ ಎಂದು ಉತ್ತರಿಸುವ ಪ್ರಶ್ನೆಗೆ ‘ಇಫ್’ ಇಲ್ಲವೇ ‘ವೆದರ್’.

ಮಾತನ್ನು ತಿಳಿಸುವ ಕ್ರಿಯಾಪದ ‘ಸೆಡ್’ ಬದಲು ‘ಸೇಸ್’ ಆಗಿದ್ದರೆ ಕಾಲ ಬದಲಾಗುವುದಿಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬಂಥ ಮಾತನ್ನು ‘ಸೆಡ್’ ನಂತರವೂ ವರ್ತಮಾನದಲ್ಲೇ ಇಡಬಹುದು. ರವಿಯ ಮಾತನ್ನು ಅದೇ ದಿನ ತಿಳಿಸುವಾಗ ‘ಟುಮಾರೋ’ ಕೂಡ ಉಳಿಯುತ್ತದೆ. ಸಂದರ್ಭವನ್ನೇ ಕೊಡದೆ, ಕೋಷ್ಟಕದಂತಿಲ್ಲ ಎಂದು ಇದಕ್ಕೆ ಅಂಕ ಕತ್ತರಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

– ಇಂಗ್ಲಿಷ್ ಶಿಕ್ಷಕರು, ಹಾಸನ