ಗೆಣಸು ಆಲೂಗಡ್ಡೆಯಲ್ಲ: ಚೀಸ್ ಫ್ರೈಸ್ ಪಾಕವಿಧಾನದ ಕುರಿತು ಒಂದು ವಿನಂತಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಅಡುಗೆ ಪುಟದಲ್ಲಿ ಬಂದ, ಚೀಸ್ ಹಾಕಿದ ಗೆಣಸಿನ ಲೋಡೆಡ್ ಫ್ರೈಸ್‌ನ ಪಾಕವಿಧಾನವನ್ನು ಓದಿ, ಅದರಲ್ಲಿ ಹೇಳಿದಂತೆಯೇ ಚಾಚೂ ತಪ್ಪದೆ ಮನೆಯಲ್ಲಿ ಮಾಡಿ ನೋಡಿದವರಲ್ಲಿ ನಾನೂ ಒಬ್ಬಳು. ಆಲೂಗಡ್ಡೆಯ ಫ್ರೈಸ್ ಮಾಡುವ ರೀತಿಯಲ್ಲಿಯೇ ಗೆಣಸನ್ನು ಹೆಚ್ಚಿ, ಉಪ್ಪು ಮತ್ತು ಎಣ್ಣೆ ಸವರಿ, ಗರಿಗರಿಯಾಗುವವರೆಗೆ ಓವನ್ನಿನಲ್ಲಿಟ್ಟು, ಮೇಲೆ ಚೀಸ್ ಉದುರಿಸಿ ಬಡಿಸಬೇಕು ಎಂದು ಅಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಲಾಗಿತ್ತು. ತೂಕವಿರಲಿಲ್ಲ, ಹೋಳಿನ ದಪ್ಪವಿರಲಿಲ್ಲ, ಓವನ್ನಿನ ಉಷ್ಣಾಂಶವೂ ಇರಲಿಲ್ಲ. ಈ ತಿನಿಸು ಕೈಕೊಟ್ಟಾಗ ಮಾಡಿದವರು ತಮ್ಮ ಕೈಗುಣವನ್ನೇ ಹಳಿದುಕೊಳ್ಳುತ್ತಾರೆ. ಆದರೆ ತಪ್ಪು ಇರುವುದು "ಆಲೂಗಡ್ಡೆಯ ರೀತಿಯಲ್ಲಿಯೇ" ಎಂಬ ಆ ಎರಡು ಪದಗಳಲ್ಲಿ ಎಂದು ನನಗೆ ಹಲವು ಸಲ ಮಾಡಿ ನೋಡಿದ ಮೇಲೆ ಮನವರಿಕೆಯಾಗಿದೆ. ಅದನ್ನು ತಮ್ಮ ಗಮನಕ್ಕೆ ತರಲೆಂದೇ ಈ ಪತ್ರ.

ಮೊದಲ ಸಲ ಮಾಡಿದ ದಿನ ಓವನ್ನಿನಿಂದ ತಟ್ಟೆ ಹೊರತೆಗೆದಾಗ ಹೋಳುಗಳ ತುದಿಗಳು ಕಪ್ಪಗೆ ಸೀದಿದ್ದವು, ನಡುಭಾಗ ಮಾತ್ರ ಹಬೆಯಲ್ಲಿ ಬೆಂದಂತೆ ಮೆತ್ತಗಿತ್ತು. ಮಗಳು ಆಸೆಯಿಂದ ಒಂದು ಹೋಳನ್ನು ತುದಿಯಲ್ಲಿ ಹಿಡಿದು ಎತ್ತಿದಳು. ಅದು ನಡುವಿನಲ್ಲಿ ಬಾಗಿ, ಎರಡು ತುಂಡಾಗಿ, ಚೀಸಿನ ಎಳೆಯನ್ನೂ ಜೊತೆಗೆಳೆದುಕೊಂಡು ತಟ್ಟೆಗೇ ಬಿದ್ದಿತು. ಮೇಲಿನ ಚೀಸ್ ಒಂದೇ ಹಾಳೆಯಾಗಿ ಕಿತ್ತು ಬಂದಿತ್ತು, ತಳದಲ್ಲಿ ಕಿತ್ತಳೆ ಬಣ್ಣದ ಎಣ್ಣೆ ನಿಂತಿತ್ತು. ಬೇಯುವುದು ಸಾಲದಾಯಿತೇನೋ ಎಂದುಕೊಂಡು ಎರಡನೇ ಸಲ ಇನ್ನೂ ಹತ್ತು ನಿಮಿಷ ಹೆಚ್ಚಿಗೆ ಇಟ್ಟೆ. ಸೀದ ವಾಸನೆ ಹೆಚ್ಚಿತೇ ಹೊರತು ಗರಿಗರಿ ಬರಲಿಲ್ಲ.

ಇದಕ್ಕೆ ಕಾರಣ ಗೆಣಸಿನೊಳಗೇ ಇದೆ. ಆಲೂಗಡ್ಡೆ ನೆಲದಡಿ ಉಬ್ಬಿದ ಕಾಂಡ, ಬದನೆ ಮತ್ತು ಟೊಮೆಟೊಗಳ ಬಳಗದ್ದು. ಗೆಣಸು ಉಬ್ಬಿದ ಬೇರು, ಅದರ ಬಳಗವೇ ಬೇರೆ. ಗೆಣಸಿನಲ್ಲಿ ನೀರು ಹೆಚ್ಚಾಗಿರುವುದರಿಂದ ಅದು ಮೆತ್ತಗಾಗುತ್ತದೆ ಎಂದು ಅನೇಕರು ಹೇಳುವುದುಂಟು, ಆದರೆ ಎರಡರಲ್ಲೂ ನೀರಿನ ಪಾಲು ಹೆಚ್ಚು ಕಡಿಮೆ ಒಂದೇ, ಮುಕ್ಕಾಲಿಗಿಂತ ತುಸು ಹೆಚ್ಚು. ವ್ಯತ್ಯಾಸವಿರುವುದು ಸಕ್ಕರೆಯಲ್ಲಿ. ನೂರು ಗ್ರಾಂ ಹಸಿ ಗೆಣಸಿನಲ್ಲಿ ಸುಮಾರು 4 ಗ್ರಾಂ ಸಕ್ಕರೆ ಇದ್ದರೆ ಅಷ್ಟೇ ತೂಕದ ಆಲೂಗಡ್ಡೆಯಲ್ಲಿ ಸಾಮಾನ್ಯವಾಗಿ ಒಂದು ಗ್ರಾಂ ಕೂಡ ಇರುವುದಿಲ್ಲ. ಸಾಲದ್ದಕ್ಕೆ ಗೆಣಸಿನಲ್ಲಿ ಬೀಟಾ ಅಮೈಲೇಸ್ ಎಂಬ ಕಿಣ್ವವಿದೆ. ಗೆಣಸು ಬಿಸಿಯಾಗುತ್ತಾ 60ರಿಂದ 75 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವಾಗ ಅದು ಚುರುಕಾಗಿ, ಗರಿಗರಿಯಾಗಲು ಬೇಕಾದ ಪಿಷ್ಟವನ್ನೇ ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುತ್ತದೆ. ಇಡೀ ಗೆಣಸನ್ನು ಸಣ್ಣ ಉರಿಯಲ್ಲಿ ನಿಧಾನವಾಗಿ ಸುಟ್ಟಾಗ ಅದು ಜೇನಿನಂತೆ ಸಿಹಿಯಾಗುವುದು ಇದೇ ಕಿಣ್ವದ ದೆಸೆಯಿಂದ. ಅಲ್ಲಿ ಗುಣವಾಗುವುದು ಫ್ರೈಸ್‌ನಲ್ಲಿ ದೋಷವಾಗುತ್ತದೆ: ಒಳಗೆ ಪಿಷ್ಟ ಕಡಿಮೆಯಾಗಿ ಹೋಳು ನಿಲ್ಲುವ ಬಲ ಕಳೆದುಕೊಳ್ಳುತ್ತದೆ, ಹೊರಗೆ ಸಕ್ಕರೆ ಹೆಚ್ಚಾಗಿ ಬೇಗನೆ ಸೀಯುತ್ತದೆ. ಆದ್ದರಿಂದ ಗೆಣಸಿಗೆ ಹೆಚ್ಚು ಸಮಯ ಕೊಡುವುದು ಪರಿಹಾರವಲ್ಲ, ಅದರ ಹೊರಮೈಗೆ ಹೊರಗಿನಿಂದಲೇ ಸ್ವಲ್ಪ ಪಿಷ್ಟವನ್ನು ಒದಗಿಸಿ, ಚೆನ್ನಾಗಿ ಕಾದ ಓವನ್ನಿಗೆ ಒಮ್ಮೆಲೇ ಇಡುವುದು ಪರಿಹಾರ.

ನಾಲ್ಕು ಜನರಿಗೆ 600 ಗ್ರಾಂ ಗೆಣಸು ಸಾಕು. ಗೆಣಸನ್ನು ಫ್ರಿಜ್ಜಿನಲ್ಲಿ ಇಟ್ಟಿರಬಾರದು, ಏಕೆಂದರೆ ಸುಮಾರು 12 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ದಿನಗಟ್ಟಲೆ ಇದ್ದ ಹಸಿ ಗೆಣಸಿನ ತಿರುಳು ಎಷ್ಟು ಬೇಯಿಸಿದರೂ ಅಲ್ಲಲ್ಲಿ ಗಟ್ಟಿಯಾಗಿಯೇ ಉಳಿಯಬಹುದು. ಸಿಪ್ಪೆ ತೆಗೆಯುವುದು ಬಿಡುವುದು ಅವರವರ ಇಷ್ಟ. ಆದರೆ ಹೋಳಿನ ದಪ್ಪದ ವಿಚಾರದಲ್ಲಿ ಇಷ್ಟಾನಿಷ್ಟದ ಮಾತಿಲ್ಲ; ಎಲ್ಲವೂ ಒಂದು ಸೆಂಟಿಮೀಟರಿನಷ್ಟು ದಪ್ಪ, ಚೌಕವಾಗಿ, ಒಂದೇ ಸಮನಾಗಿರಬೇಕು. ತುದಿ ಚೂಪಾಗಿ ಸಣ್ಣಗಾಗುವ ಹೋಳುಗಳೇ ಮೊದಲು ಸೀಯುವವು, ಅವನ್ನು ಬೇರೆ ಅಡುಗೆಗೆ ಎತ್ತಿಡುವುದು ಲೇಸು. ಹೆಚ್ಚಿದ ಹೋಳುಗಳನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಕತ್ತರಿಸಿದ ಮೈಯಿಂದ ಸಡಿಲವಾದ ಪಿಷ್ಟ ಮತ್ತು ಒಂದಿಷ್ಟು ಸಕ್ಕರೆ ನೀರಿಗೆ ಬಿಡುತ್ತದೆ, ನೀರು ಕದಡಿದ್ದು ಕಣ್ಣಿಗೇ ಕಾಣುತ್ತದೆ.

ನೆನೆಸುವುದಕ್ಕಿಂತ ಮುಖ್ಯವಾದದ್ದು ಒರೆಸುವುದು, ಮತ್ತು ಹೆಚ್ಚಿನ ಪಾಕವಿಧಾನಗಳಲ್ಲಿ ಅದರ ಮಾತೇ ಇರುವುದಿಲ್ಲ. ನೀರು ಬಸಿದ ಹೋಳುಗಳನ್ನು ದಪ್ಪ ಬಟ್ಟೆಯ ಮೇಲೆ ಹರಡಿ, ಮೇಲೊಂದು ಬಟ್ಟೆ ಹೊದಿಸಿ ಒತ್ತಿ ಒರೆಸಬೇಕು. ಆಮೇಲೆ ಹತ್ತು ನಿಮಿಷ ಹಾಗೆಯೇ ಗಾಳಿಗೆ ಬಿಡಬೇಕು. ಬೆರಳಿನಿಂದ ಮುಟ್ಟಿದರೆ ಜಾರಬಾರದು, ಒಣ ಕಾಗದವನ್ನು ಮುಟ್ಟಿದಂತಿರಬೇಕು. ಮೈಮೇಲೆ ನೀರಿರುವಷ್ಟು ಹೊತ್ತು ಹೋಳಿನ ಹೊರಮೈ 100 ಡಿಗ್ರಿಯನ್ನು ದಾಟುವುದೇ ಇಲ್ಲ, ಓವನ್ನಿನ ಕಾವೆಲ್ಲ ಆ ನೀರನ್ನು ಹಬೆಯಾಗಿಸುವುದರಲ್ಲೇ ಕಳೆಯುತ್ತದೆ. ಅಷ್ಟರಲ್ಲಿ ಒಳಗಿನ ಕಿಣ್ವ ತನ್ನ ಕೆಲಸವನ್ನು ಮಾಡಿ ಮುಗಿಸಿರುತ್ತದೆ.

ಒಣಗಿದ ಹೋಳುಗಳ ಮೇಲೆ ಒಂದೂವರೆ ದೊಡ್ಡ ಚಮಚ ಕಾರ್ನ್‌ಫ್ಲೋರ್ ಉದುರಿಸಿ, ಪಾತ್ರೆಯನ್ನು ಕುಲುಕಿ, ಬಿಳಿ ಪುಡಿ ಎಲ್ಲ ಕಡೆ ತೆಳ್ಳಗೆ ಅಂಟಿದ ಮೇಲಷ್ಟೇ ಎರಡು ದೊಡ್ಡ ಚಮಚ ಎಣ್ಣೆ ಹಾಕಬೇಕು. ಮೊದಲು ಎಣ್ಣೆ ಹಾಕಿದರೆ ಪುಡಿ ಗಂಟುಗಟ್ಟುತ್ತದೆ. ಹೆಪ್ಪುಗಟ್ಟಿಸಿ ಮಾರುವ ಗೆಣಸಿನ ಫ್ರೈಸ್ ಗರಿಗರಿಯಾಗಿರುವುದರ ಗುಟ್ಟೂ ಬಹುಮಟ್ಟಿಗೆ ಇಂಥ ಪಿಷ್ಟದ ಲೇಪವೇ. ಉಪ್ಪು ಈಗ ಬೇಡ. ಉಪ್ಪು ಹೋಳಿನೊಳಗಿನ ನೀರನ್ನು ಹೊರಗೆಳೆಯುವುದರಿಂದ ಇಷ್ಟು ಹೊತ್ತು ಒರೆಸಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ಹೋಳುಗಳನ್ನು ಓವನ್ನಿನಿಂದ ಹೊರತೆಗೆದ ಕೂಡಲೇ ಬಿಸಿಯ ಮೇಲೆ ಉಪ್ಪು ಉದುರಿಸಿದರೆ ಸಾಕು.

ಓವನ್ 220 ಡಿಗ್ರಿಗೆ ಪೂರ್ತಿ ಕಾದಿರಬೇಕು, ತಟ್ಟೆಯನ್ನೂ ಒಳಗಿಟ್ಟು ಕಾಯಿಸಿದ್ದರೆ ಇನ್ನೂ ಒಳ್ಳೆಯದು. ಹೋಳುಗಳನ್ನು ಒಂದೇ ಪದರದಲ್ಲಿ, ಒಂದಕ್ಕೊಂದು ತಾಗದಂತೆ, ನಡುವೆ ಬೆರಳಗಲ ಜಾಗ ಬಿಟ್ಟು ಜೋಡಿಸಬೇಕು. ಒಂದು ತಟ್ಟೆಯಲ್ಲಿ ಹಿಡಿಸದಿದ್ದರೆ ಎರಡು ತಟ್ಟೆ ಬಳಸಬೇಕೇ ವಿನಾ ರಾಶಿ ಹಾಕಬಾರದು, ಏಕೆಂದರೆ ರಾಶಿ ಹಾಕಿದ ಹೋಳುಗಳು ಒಂದರ ಹಬೆಯಲ್ಲಿ ಇನ್ನೊಂದು ಬೇಯುತ್ತವೆ. ಹದಿನೈದು ನಿಮಿಷಕ್ಕೆ ಒಮ್ಮೆ ತಿರುಗಿಸಿ, ಒಟ್ಟು 25ರಿಂದ 30 ನಿಮಿಷ ಬೇಯಿಸಿ, ಓವನ್ ಆರಿಸಿದ ಮೇಲೆ ಬಾಗಿಲನ್ನು ತುಸು ತೆರೆದಿಟ್ಟು ಐದು ನಿಮಿಷ ಒಳಗೇ ಬಿಟ್ಟರೆ ಉಳಿದ ಹಬೆಯೂ ಹೊರಟುಹೋಗುತ್ತದೆ. ಏರ್ ಫ್ರೈಯರ್ ಇರುವವರು 200 ಡಿಗ್ರಿಯಲ್ಲಿ 15ರಿಂದ 18 ನಿಮಿಷ, ನಡುವೆ ಒಂದೆರಡು ಸಲ ಕುಲುಕಿ ಮಾಡಿಕೊಳ್ಳಬಹುದು. ಎಣ್ಣೆಯಲ್ಲಿ ಕರಿಯುವವರು ಒಮ್ಮೆಗೇ ಕರಿಯದೆ, ಮೊದಲು 160 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ ಬೇಯಿಸಿ ತೆಗೆದು, ಆರಲು ಬಿಟ್ಟು, ಬಡಿಸುವ ಮುನ್ನ 185 ಡಿಗ್ರಿಯಲ್ಲಿ ಒಂದೆರಡು ನಿಮಿಷ ಮತ್ತೆ ಕರಿಯಬೇಕು.

ಬಣ್ಣದ ಬಗ್ಗೆ ಒಂದು ಎಚ್ಚರಿಕೆಯ ಮಾತನ್ನು ಪತ್ರಿಕೆ ಹೇಳಲೇಬೇಕಿತ್ತು. ಪಿಷ್ಟವಿರುವ ಪದಾರ್ಥಗಳನ್ನು 120 ಡಿಗ್ರಿಗಿಂತ ಹೆಚ್ಚಿನ ಕಾವಿನಲ್ಲಿ ಕರಿದಾಗ ಅಥವಾ ಸುಟ್ಟಾಗ, ಅವುಗಳಲ್ಲಿನ ಸಕ್ಕರೆ ಮತ್ತು ಆಸ್ಪರಜಿನ್ ಎಂಬ ಅಮೈನೋ ಆಮ್ಲ ಸೇರಿ ಅಕ್ರಿಲಮೈಡ್ ಎಂಬ, ಆರೋಗ್ಯಕ್ಕೆ ಹಾನಿಕರವಾಗಬಹುದಾದ ರಾಸಾಯನಿಕ ಉಂಟಾಗುತ್ತದೆ; ಇಂಥ ಆಹಾರದಲ್ಲಿ ಅದು ಇರುವುದನ್ನು 2002ರಲ್ಲಿ ಸ್ವೀಡನ್ನಿನ ಸಂಶೋಧಕರು ಜಗತ್ತಿಗೆ ತಿಳಿಸಿದರು. ಹೋಳು ಕಂದಾದಷ್ಟೂ ಅದರ ಪ್ರಮಾಣ ಏರುತ್ತದೆ. ಸಕ್ಕರೆ ಹೆಚ್ಚಿರುವ ಗೆಣಸಿನಲ್ಲಿ ಈ ಜಾಗರೂಕತೆ ಇನ್ನೂ ಹೆಚ್ಚು ಬೇಕು. ಅಂಚಿನಲ್ಲಿ ಹೊಂಬಣ್ಣ ಬಂದೊಡನೆ ತೆಗೆಯಬೇಕು, "ಚೆನ್ನಾಗಿ ಕೆಂಪಗಾಗುವವರೆಗೆ" ಎಂಬ ಮಾತನ್ನು ಗೆಣಸಿನ ಪಾಕವಿಧಾನದಲ್ಲಿ ಬರೆಯಬಾರದು.

ಇನ್ನು ಚೀಸ್. ತುರಿದು ಪೊಟ್ಟಣದಲ್ಲಿ ತುಂಬಿ ಮಾರುವ ಚೀಸಿನ ಎಳೆಗಳು ಒಂದಕ್ಕೊಂದು ಅಂಟದಿರಲೆಂದು ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಬೆರೆಸಿರುತ್ತಾರೆ. ಅದು ನುಣ್ಣಗೆ ಕರಗಲು ಅಡ್ಡಿಯಾಗುತ್ತದೆ. ಗಟ್ಟಿ ಚೀಸನ್ನು ಮನೆಯಲ್ಲೇ ತುರಿದುಕೊಂಡರೆ ಈ ತೊಂದರೆಯಿಲ್ಲ. ಎಳೆ ಎಳೆಯಾಗಿ ಬರಲು ಮೊಝರೆಲ್ಲಾ ಬೇಕು, ಆದರೆ ಅದರ ರುಚಿ ಬಹಳ ಸೌಮ್ಯ. ಉಪ್ಪು ಮತ್ತು ಒಗರಿನ ಚೆಡ್ಡಾರ್ ಗೆಣಸಿನ ಸಿಹಿಗೆ ಎದುರು ನಿಲ್ಲುತ್ತದೆ, ಆದರೆ ಹಳೆಯದಾದಷ್ಟೂ ಬಿಸಿಗೆ ಎಣ್ಣೆ ಬಿಡುತ್ತದೆ. ನನ್ನ ಅನುಭವದಲ್ಲಿ ಎರಡನ್ನೂ 60 ಗ್ರಾಂನಂತೆ ಬೆರೆಸುವುದೇ ಸರಿ. ಎಲ್ಲ ಚೀಸನ್ನೂ ಮೇಲೆ ಸುರಿದರೆ ಅದು ಹಾಳೆಯಂತೆ ಕಿತ್ತು ಬರುತ್ತದೆ, ಕೆಳಗಿನ ಹೋಳುಗಳಿಗೆ ಏನೂ ಸಿಗುವುದಿಲ್ಲ. ಅರ್ಧದಷ್ಟು ಹೋಳು ಹರಡಿ ಅದರ ಮೇಲೆ ಅರ್ಧ ಚೀಸ್, ಮತ್ತೆ ಉಳಿದ ಹೋಳು, ಉಳಿದ ಚೀಸ್ ಎಂದು ಎರಡು ಪದರ ಮಾಡಿ, ಓವನ್ನಿನ ಮೇಲ್ಭಾಗದ ಕಾವಿನಲ್ಲಿ (ಗ್ರಿಲ್) ಎರಡು ಮೂರು ನಿಮಿಷ, ಕರಗಿ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವವರೆಗೆ ಮಾತ್ರ ಇಡಬೇಕು. ಅದಕ್ಕಿಂತ ಹೆಚ್ಚು ಇಟ್ಟರೆ ಚೀಸಿನ ಪ್ರೋಟೀನು ಬಿಗಿದುಕೊಂಡು ಕೊಬ್ಬನ್ನು ಹೊರಹಾಕುತ್ತದೆ. ನನ್ನ ಮೊದಲ ತಟ್ಟೆಯ ತಳದಲ್ಲಿ ನಿಂತದ್ದು ಅದೇ. ಚೀಸ್ ಸಾಸ್ ಇಷ್ಟಪಡುವವರು 20 ಗ್ರಾಂ ಬೆಣ್ಣೆಯಲ್ಲಿ ಅಷ್ಟೇ ಮೈದಾವನ್ನು ಹಸಿ ವಾಸನೆ ಹೋಗುವವರೆಗೆ ಹುರಿದು, 250 ಮಿಲಿಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಕುದಿಸಿ, ಒಲೆ ಆರಿಸಿದ ನಂತರ 100 ಗ್ರಾಂ ತುರಿದ ಚೀಸ್ ಹಾಕಿ ಕಲಕಬೇಕು. ಕುದಿಯುವ ಸಾಸ್‌ಗೆ ಚೀಸ್ ಹಾಕಿದರೆ ಅದು ರವೆ ರವೆಯಾಗಿ ಒಡೆಯುತ್ತದೆ.

ಮೇಲೆ ಹೇರುವ ಪದಾರ್ಥಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗೆಣಸು ಸಿಹಿ, ಚೀಸ್ ಜಿಡ್ಡು; ಹೀಗಾಗಿ ಹುಳಿ ಮತ್ತು ಖಾರ ಬೇಕೇ ಬೇಕು. ಹೆಚ್ಚಿದ ಈರುಳ್ಳಿ, ಹಸಿಮೆಣಸು, ಪೂರ್ತಿ ಬೆಂದು ನೀರು ಬಸಿದ ರಾಜ್ಮಾ, ನಿಂಬೆರಸ, ನೀರು ಸೋಸಿದ ಗಟ್ಟಿ ಮೊಸರು, ಕೊತ್ತಂಬರಿ ಸೊಪ್ಪು ಇವುಗಳಲ್ಲಿ ಮೂರು ನಾಲ್ಕು ಸಾಕು. ರಾಜ್ಮಾವನ್ನು ಚೀಸಿನ ಜೊತೆ ಬಿಸಿ ಮಾಡಬಹುದು, ತಣ್ಣಗಿನ ಮತ್ತು ನೀರಿನಂಶವಿರುವ ಉಳಿದವನ್ನು ತಟ್ಟೆ ಮೇಜಿಗೆ ಬಂದ ಮೇಲೆಯೇ ಹಾಕಬೇಕು.

ಆ ಬರಹದ ಶೀರ್ಷಿಕೆಯಲ್ಲಿದ್ದ "ಆರೋಗ್ಯಕರ ಫ್ರೈಸ್" ಎಂಬ ಮಾತಿನ ಬಗ್ಗೆಯೂ ನನಗೆ ಆಕ್ಷೇಪವಿದೆ. ಹಸಿ ಗೆಣಸು ನೂರು ಗ್ರಾಂಗೆ 86 ಕ್ಯಾಲೊರಿ, ಆಲೂಗಡ್ಡೆ 77. ಈ ಲೆಕ್ಕದಲ್ಲಿ ಗೆಣಸಿನ ಹೆಚ್ಚುಗಾರಿಕೆ ಏನೂ ಇಲ್ಲ. ಅದರ ನಿಜವಾದ ಹೆಚ್ಚುಗಾರಿಕೆ ಕಿತ್ತಳೆ ತಿರುಳಿನ ತಳಿಗಳಲ್ಲಿರುವ ಬೀಟಾ ಕ್ಯಾರೋಟಿನ್; ದೇಹ ಅದನ್ನು ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ. ಈ ತಳಿಗಳನ್ನು ಆಫ್ರಿಕಾದಲ್ಲಿ ಬೆಳೆಸಿ ಬಳಕೆಗೆ ತಂದ ಮರಿಯಾ ಆಂಡ್ರೇಡ್, ರಾಬರ್ಟ್ ಮ್ವಾಂಗಾ ಮತ್ತು ಜಾನ್ ಲೋ ಅವರು 2016ರ ವಿಶ್ವ ಆಹಾರ ಪ್ರಶಸ್ತಿಯನ್ನು ಹಂಚಿಕೊಂಡವರಲ್ಲಿ ಸೇರಿದ್ದಾರೆ. ಬೀಟಾ ಕ್ಯಾರೋಟಿನ್ ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಎಣ್ಣೆ, ಚೀಸುಗಳ ಜೊತೆ ತಿಂದಾಗ ಮೈಗೆ ಹೆಚ್ಚು ಹತ್ತುತ್ತದೆ ಎಂಬುದೂ ನಿಜ. ಬಿಳಿ ತಿರುಳಿನ ಗೆಣಸಿನಲ್ಲಿ ಅದು ತೀರಾ ಕಡಿಮೆ, ಫ್ರೈಸ್ ಮಾತ್ರ ಆ ಬಿಳಿ ಗೆಣಸಿನಿಂದ ಇನ್ನಷ್ಟು ಗಟ್ಟಿಯಾಗಿ ಬರುತ್ತವೆ. ಇಷ್ಟನ್ನು ನೇರವಾಗಿ ಬರೆದು, ಜೊತೆಗೆ ಚೆಡ್ಡಾರ್ ನೂರು ಗ್ರಾಂಗೆ ಸುಮಾರು 400 ಕ್ಯಾಲೊರಿ ಎಂಬುದನ್ನೂ, ಚೀಸಿನಲ್ಲಿಯೇ ಸಾಕಷ್ಟು ಉಪ್ಪಿರುವುದರಿಂದ ಹೋಳುಗಳಿಗೆ ಚಿಟಿಕೆ ಉಪ್ಪು ಸಾಕು ಎಂಬುದನ್ನೂ ತಿಳಿಸಿದ್ದರೆ ಓದುಗರು ತಾವೇ ತೀರ್ಮಾನಿಸುತ್ತಿದ್ದರು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಅಡುಗೆ ಪುಟವನ್ನು ನೋಡಿ ಪದಾರ್ಥ ತಂದು, ಒಂದು ಸಂಜೆಯನ್ನು ಅದಕ್ಕೆಂದೇ ಮೀಸಲಿಟ್ಟು, ಮನೆಯವರನ್ನು ಮೇಜಿನ ಸುತ್ತ ಕೂರಿಸಿಕೊಳ್ಳುವ ಓದುಗರು ಅನೇಕರಿದ್ದಾರೆ. ಆದ್ದರಿಂದ ಯಾವುದೇ ಪಾಕವಿಧಾನವನ್ನು ಪ್ರಕಟಿಸುವ ಮುನ್ನ ಒಂದು ಸಾಮಾನ್ಯ ಮನೆಯ ಅಡುಗೆಕೋಣೆಯಲ್ಲಿ ಒಮ್ಮೆ ಮಾಡಿಸಿ ನೋಡಬೇಕೆಂದೂ, ತೂಕ, ದಪ್ಪ, ಉಷ್ಣಾಂಶ, ನಿಮಿಷ ಈ ನಾಲ್ಕನ್ನೂ ತಪ್ಪದೆ ಅಚ್ಚು ಹಾಕಬೇಕೆಂದೂ ಕೋರುತ್ತೇನೆ. ಸದ್ಯಕ್ಕೆ, ಗೆಣಸಿನ ಫ್ರೈಸ್ ಕುರಿತ ಆ ಒಂದು ವಾಕ್ಯವನ್ನು ತಿದ್ದಿ, "ಒಂದು ಸೆಂಟಿಮೀಟರ್ ದಪ್ಪ ಹೆಚ್ಚಿ, ಅರ್ಧ ಗಂಟೆ ನೆನೆಸಿ, ಪೂರ್ತಿ ಒರೆಸಿ, ಕಾರ್ನ್‌ಫ್ಲೋರ್ ಸವರಿ ನಂತರ ಎಣ್ಣೆ ಹಾಕಿ, 220 ಡಿಗ್ರಿಯಲ್ಲಿ ಹೊಂಬಣ್ಣ ಬರುವವರೆಗೆ 25ರಿಂದ 30 ನಿಮಿಷ ಬೇಯಿಸಿ, ಚೀಸ್ ಹಾಕಿದ ಮೇಲೆ ಮೂರು ನಿಮಿಷ ಮೀರದಿರಿ" ಎಂದು ಮುಂದಿನ ಸಂಚಿಕೆಯ ಅಡುಗೆ ಪುಟದ ಒಂದು ಮೂಲೆಯಲ್ಲಿ ಪ್ರಕಟಿಸಿದರೂ ಸಾಕು.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಒಬ್ಬ ಓದುಗರು